ಹೆಗಲ ಮೇಲಿನ ಬೆರಳುಗಳು

ಸೈಬೋ ಹಳ್ಳಿ
1934, ಎರಡನೆಯ ತಿಂಗಳ ಇಪ್ಪತ್ತೈದು

ಬೀಲೀಯ ಅಪ್ಪನವರಿಗೆ ಗೇಕ್‌ಲಾನ್ ಬರೆಯುವುದು.

ಇಲ್ಲಿ ಎಲ್ಲರೂ ಆರೋಗ್ಯ. ಹಿರಿಯರ ಗೋರಿ ಗುಡಿಸಿ, ಹುಲ್ಲು ಕಿತ್ತು, ಎಡೆ ಇಟ್ಟು ಬಂದೆವು. ನಿಮ್ಮ ಪಾಲಿನ ಊದುಬತ್ತಿಯನ್ನು ಈ ವರ್ಷವೂ ಬೀಲೀಯೇ ಹಚ್ಚಿದಳು. ಅತ್ತೆಯವರು ದಾರಿಯುದ್ದಕ್ಕೂ ಗೊಣಗಿದರು. "ಗಂಡು ಹಚ್ಚೋ ಊದುಬತ್ತೀನ ಹೆಣ್ಣು ಕೈಲಿ ಹಚ್ಚಿಸ್ತಿದೀವಿ. ನಾನು ಸತ್ರೆ ನನಗ್ಯಾರು ಹಚ್ತಾರೆ? ನಿನಗ್ಯಾರು ಹಚ್ತಾರೆ ಸೊಸೆ?" ಎಂದರು. ದಾಯಾದಿ ದೊಡ್ಡಪ್ಪನ ಮನೆಯ ಕಿರಿ ಹುಡುಗನನ್ನು ದತ್ತು ತೆಗೆದುಕೊಳ್ಳುವ ಮಾತು ಮತ್ತೆ ಎದ್ದಿದೆ. ಅವರು ಬರಲಿ, ಆಮೇಲೆ ನೋಡೋಣ ಎಂದು ನಾನೂ ವರ್ಷ ವರ್ಷ ಅದನ್ನೇ ಹೇಳುತ್ತಿದ್ದೇನೆ. ಮದುವೆಯಾದ ನಾಲ್ಕು ತಿಂಗಳಿಗೆ ಮತ್ತೆ ಮನಿಲಾ ಹಡಗು ಹತ್ತಿದಿರಿ. ಆಗ ಹೊಟ್ಟೆಯಲ್ಲಿದ್ದವಳಿಗೆ ಈಗ ಹಲ್ಲು ಬಿದ್ದು ಹಲ್ಲು ಬರುತ್ತಿದೆ.

ಇನ್ನು ಫೋಟೋದ ವಿಷಯ. ಅತ್ತೆಯವರ ಅರವತ್ತಕ್ಕೆಂದು ಪೇಟೆಯ ಕ್ವೀ ಮಾಸ್ತರರ ಸ್ಟುಡಿಯೋಗೆ ಹೋಗಿ ತೆಗೆಸಿದೆವು. ಅತ್ತೆ ನಡುವೆ, ನಾನು ಎಡಕ್ಕೆ, ಬೀಲೀ ಕಾಲ ಹತ್ತಿರ, ಬಲಕ್ಕೆ ಒಂದು ಖಾಲಿ ಕುರ್ಚಿ. ಮಾಸ್ತರರು ನಮಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಈ ಸೀಮೆಯಲ್ಲಿ ಯಾರ ಮನೆಯ ಹಜಾರಕ್ಕೆ ಹೋದರೂ ಗೋಡೆಯ ಮೇಲಿರುವವನು ಅಂಟಿಸಿದ ಗಂಡನೇ ತಾನೆ. ಕಾಗದ ತರುವ ಚೂ ಅಣ್ಣನ ಕೈಲಿ ನೀವು ಕಳಿಸಿದ ಫೋಟೋದಿಂದ ನಿಮ್ಮನ್ನು ಕತ್ತರಿಸಿ ಆ ಕುರ್ಚಿಯಲ್ಲಿ ಕೂರಿಸಿದ್ದಾರೆ. ನಿಮ್ಮ ಕಾಲು ಮಾತ್ರ ನೆಲಕ್ಕೆ ಮುಟ್ಟುತ್ತಿಲ್ಲ. ಅತ್ತೆಯವರು ನೋಡಿ ಕಣ್ಣೊರೆಸಿಕೊಂಡರು. ಬೀಲೀ ದಿನವೂ ಊಟಕ್ಕೆ ಮೊದಲು ಅದರ ಮುಂದೆ ನಿಂತು, "ಅಪ್ಪಾ, ಊಟಕ್ಕೆ ಬಾ" ಎಂದು ಕರೆಯುತ್ತಾಳೆ. ಕರೆದು ಸ್ವಲ್ಪ ಹೊತ್ತು ಕಾಯುತ್ತಾಳೆ ಕೂಡ. ಈ ಮನೆಯಲ್ಲಿ ಈಗ ಅದಕ್ಕಿಂತ ಬೆಲೆಯ ವಸ್ತು ಇಲ್ಲ.

ಆದರೆ ಒಂದು ಮಾತು. ನೀವು ಕಳಿಸಿದ ಫೋಟೋ ನಮ್ಮ ಕೈಗೆ ಬರುವ ಮೊದಲೇ ಎರಡೂ ಕಡೆ ಕತ್ತರಿ ಕಂಡಿತ್ತು. ಕ್ವೀ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಭೂತಗನ್ನಡಿ ಕೊಟ್ಟರು. ನಿಮ್ಮ ಎಡ ಹೆಗಲ ಮೇಲೆ ನಾಲ್ಕು ಬೆರಳು. ಕತ್ತರಿಸಿದವರು ಕೈ ತೆಗೆದಿದ್ದಾರೆ, ಬೆರಳು ಮರೆತಿದ್ದಾರೆ. ಒಂದರಲ್ಲಿ ಉಂಗುರವಿದೆ. "ಕೋಟಿನ ಬಣ್ಣ ಬಳಿದು ಮುಚ್ಚಿಬಿಡ್ಲಾ ಅಮ್ಮಾ? ಯಾರಿಗೂ ಗೊತ್ತಾಗಲ್ಲ. ನಾನು ಇಂಥದ್ದು ಎಷ್ಟೋ ಮುಚ್ಚಿದೀನಿ" ಎಂದರು ಮಾಸ್ತರರು. ಅತ್ತೆಯವರ ಹಬ್ಬ ಕೆಡುವುದು ಬೇಡವೆಂದು ಹೂಂ ಎಂದೆ. ಆದರೆ ನಾನು ನೋಡಿಬಿಟ್ಟಿದ್ದೇನೆ.

ಯಾರ ಬೆರಳು?

ಗೇಕ್‌ಲಾನ್

•

ಮನಿಲಾ
ಮೂರನೆಯ ತಿಂಗಳ ಇಪ್ಪತ್ತು

ಗೇಕ್‌ಲಾನ್,

ಕಾಗದ ಮುಟ್ಟಿತು. ಅಮ್ಮನ ಅರವತ್ತು ಚೆನ್ನಾಗಿ ಆಯಿತೆಂದು ತಿಳಿದು ಸಂತೋಷ. ಫೋಟೋದ ಒಂದು ಪ್ರತಿ ಕಳಿಸು, ಅಂಗಡಿಯಲ್ಲಿ ಹಾಕುತ್ತೇನೆ.

ಸಮುದ್ರದಾಚೆ ದುಡಿದು ಸಾಯುವ ಗಂಡನ ಮುಖ ನೋಡುವುದು ಬಿಟ್ಟು ಹೆಗಲು ನೋಡಿದ್ದೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ? ಅದು ನಮ್ಮ ಕುಲದ ಸಂಘದ ಗುಮಾಸ್ತನ ಕೈ. ಹೊಸ ವರ್ಷಕ್ಕೆ ನಾವು ಆರು ಜನ ಸೇರಿ ತೆಗೆಸಿಕೊಂಡಿದ್ದು. ಇಲ್ಲಿ ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡೇ ನಿಲ್ಲುವುದು. ಅದನ್ನು ಬೇರೆ ಊರ ಮಾಸ್ತರನ ಎದುರು ಭೂತಗನ್ನಡಿ ಹಿಡಿದು ನೋಡಿದೆಯಾ? ನಾಳೆ ಪೇಟೆಯಲ್ಲಿ ಅವನು ಏನೆಂದು ಹೇಳಿಕೊಂಡು ತಿರುಗುವುದಿಲ್ಲ? ಎರಡು ವರ್ಷ ಮಿಷನ್ ಶಾಲೆಗೆ ಹೋಗಿದ್ದಕ್ಕೆ ನಿನಗೆ ಇಷ್ಟು ಕೊಬ್ಬು ಬಂದಿದೆ ಎಂದು ನನ್ನ ಅಕ್ಕ ಆಗಲೇ ಹೇಳಿದ್ದಳು.

ಈ ವರ್ಷ ಬರಲಾಗುವುದಿಲ್ಲ. ಅಂಗಡಿ ನೋಡಿಕೊಳ್ಳುವವರಿಲ್ಲ. ಬೀಲೀಗೆ ಬಟ್ಟೆ ಕಳಿಸಿದ್ದೇನೆ. ಅಮ್ಮನ ಮಾತು ಮೀರಬೇಡ.

ಹಾಕ್‌ಬೆಂಗ್

•

ಸೈಬೋ
ನಾಲ್ಕನೆಯ ತಿಂಗಳ ಹನ್ನೆರಡು

ಬೀಲೀಯ ಅಪ್ಪನವರಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಿದ್ದು ಎರಡು ಮಾತು, ನೀವು ಬೈದದ್ದು ಒಂದು ಪುಟ.

ನಿಮ್ಮ ಸಂಘದ ಗುಮಾಸ್ತರ ಬೆರಳುಗಳು ಬಹಳ ಸಣ್ಣವು. ಉಂಗುರದಲ್ಲಿ ಹೂವಿನ ಕೆತ್ತನೆ ಬೇರೆ. ಅವರಿಗೆ ಬೇಗ ಒಳ್ಳೆಯ ಗಂಡು ಸಿಗಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ.

ನಿಮ್ಮ ಕಾಗದ ಓದಿದ ದಿನವೇ ಫೋಟೋ ಕೆಳಗಿಳಿಸಿ, ಗಾಜು ತೆಗೆದು, ಬಟ್ಟೆಯ ತುದಿ ಒದ್ದೆ ಮಾಡಿಕೊಂಡು ಮಾಸ್ತರರು ಬಳಿದಿದ್ದ ಕಪ್ಪನ್ನು ಒರೆಸಿಬಿಟ್ಟೆ. ಸುಲಭವಾಗಿ ಬಂತು. ಈಗ ನಾಲ್ಕೂ ಬೆರಳು ಹಜಾರದಲ್ಲಿ ಎಲ್ಲರಿಗೂ ಕಾಣುತ್ತಿವೆ. ಪಕ್ಕದ ಮನೆಯವರು ಅಕ್ಕಿ ಕೇಳುವ ನೆಪದಲ್ಲಿ ಬಂದು ನೋಡಿ ಹೋದರು. ಅತ್ತೆಯವರ ಕಣ್ಣಿಗೆ ಬಿದ್ದದ್ದು ಆಮೇಲೆ. "ಇದೇನೇ ಇದು, ನನ್ನ ಮಗನ ಹೆಗಲ ಮೇಲೆ ಹಲ್ಲಿ ಕೂತಂಗಿದೆ?" ಎಂದರು. ಹಲ್ಲಿಯಲ್ಲ ಅತ್ತೆ, ನಿಮ್ಮ ಇನ್ನೊಬ್ಬ ಸೊಸೆ ಎಂದೆ.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕಾಲು ನೀವಿಕೊಂಡರು. "ಅಷ್ಟು ದೂರ ಹೋದ ಗಂಡಸಿಗೆ ಗಂಜಿ ಕಾಯಿಸಿ ಕೊಡೋರು ಬೇಡ್ವಾ? ನಿಮ್ಮ ಮಾವನಿಗೂ ಇದ್ಲು ಅಲ್ಲೊಬ್ಳು. ನಾನೇನು ಊರೆಲ್ಲಾ ಡಂಗುರ ಹೊಡೆದ್ನಾ? ಹಣೇಲಿ ಬರೆದಿರೋದನ್ನ ಒದ್ದೆ ಬಟ್ಟೇಲಿ ಒರೆಸ್ತೀನಿ ಅಂತ ಹೊರಟಿದೀಯಲ್ಲೇ" ಎಂದರು.

ನನಗೆ ಮೈಯೆಲ್ಲಾ ಉರಿಯಿತು. ನಿಮ್ಮ ಮೇಲೆ, ಅವರ ಮೇಲೆ, ಆ ಬೆರಳುಗಳ ಮೇಲೆ. ರಾತ್ರಿ ನಿದ್ದೆ ಬಾರದಾಗ ಆ ಬೆರಳು ಒಂದೊಂದನ್ನೂ ಶಪಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಪಕ್ಕ ಕುಳಿತು ಒಂದೇ ಒಂದು ಫೋಟೋ ತೆಗೆಸಿಕೊಳ್ಳುವ ಭಾಗ್ಯ ನನಗೆ ಇರಲಿಲ್ಲ. ಖಾಲಿ ಕುರ್ಚಿಯ ಕಡೆ ವಾಲಿಕೊಂಡು ಕೂತಿದ್ದೆ, ಮಾಸ್ತರರು "ಸ್ವಲ್ಪ ನಗೀಮ್ಮಾ, ನಿಮ್ಮ ಯಜಮಾನರು ಇಲ್ಲೇ ಇದಾರೆ ಅಂದ್ಕೊಳಿ" ಎಂದಾಗ ನಗಲೂ ನಕ್ಕಿದ್ದೆ. ಅವಳು ಮಾತ್ರ ನಿಜವಾದ ಹೆಗಲ ಮೇಲೆ ನಿಜವಾದ ಕೈ ಇಟ್ಟುಕೊಂಡು ನಿಂತಿದ್ದಳು.

ನಿಜ ಹೇಳಿ. ಹೇಳುವವರೆಗೆ ಪ್ರತಿ ಕಳಿಸುವುದಿಲ್ಲ.

ಗೇಕ್‌ಲಾನ್

•

ಸೈಬೋ
ಆರನೆಯ ತಿಂಗಳ ಮೊದಲ ದಿನ

ಬೀಲೀಯ ಅಪ್ಪನವರಿಗೆ,

ಚೂ ಅಣ್ಣ ಬಂದು ಹೋದರು. ಮನೆ ಖರ್ಚಿಗೆ ಕೊಟ್ಟರು, ಕಾಗದವಿಲ್ಲ ಎಂದರು. ಅದರ ಹಿಂದಿನ ಸಲವೂ ಇರಲಿಲ್ಲ. ಅತ್ತೆಯವರಿಗೆ ಮಾತ್ರ ಬೇರೆ ಲಕೋಟೆ ಬಂದಿದೆ. ಅವರು ನನ್ನ ಕೈಲಿ ಓದಿಸಲಿಲ್ಲ. ದೊಡ್ಡಪ್ಪನ ಮನೆಗೆ ಹೋಗಿ ಓದಿಸಿಕೊಂಡು ಬಂದರು. ಬಂದವರು ಅಟ್ಟದಿಂದ ಚಿಕ್ಕ ಮಂಚ ಇಳಿಸಿ ಒರೆಸುತ್ತಿದ್ದಾರೆ. ಯಾರಿಗೆ ಅತ್ತೆ ಎಂದರೆ, "ನಿನ್ನ ಹಣೆಬರಹ ತಿರುಗ್ತಾ ಇದೆ, ಸುಮ್ನಿರು" ಎನ್ನುತ್ತಾರೆ.

ನನ್ನ ಹಣೆಬರಹ ನನಗೂ ಸ್ವಲ್ಪ ತಿಳಿಸಿ.

ಗೇಕ್‌ಲಾನ್

•

ಮನಿಲಾ
ಏಳನೆಯ ತಿಂಗಳ ಇಪ್ಪತ್ತೆರಡು

ಗೇಕ್‌ಲಾನ್,

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ನೀನು ಸಮಾಧಾನದಿಂದ ಓದು. ಇಲ್ಲಿ ಒಬ್ಬ ಹೆಂಗಸು ಇದ್ದಾಳೆ. ಹೆಸರು ಸೆಪಾ. ಈ ಊರಿನವಳೇ, ಚುಟ್ಟಾ ಸುತ್ತುವ ಕಾರ್ಖಾನೆಯಲ್ಲಿ ಕೆಲಸ. ನಾನು ಜ್ವರ ಬಂದು ಮಲಗಿದ್ದಾಗ ನೋಡಿಕೊಂಡಳು, ಆಮೇಲೆ ಹಾಗೇ ಮುಂದುವರಿಯಿತು. ನಿನ್ನ ಸ್ಥಾನಕ್ಕೆ ಅವಳು ಬರುವುದಿಲ್ಲ. ಹಜಾರದ ಫೋಟೋದಲ್ಲಿರುವವಳು ನೀನು.

ಅವಳಿಗೆ ಐದು ವರ್ಷದ ಮಗನಿದ್ದಾನೆ. ನನ್ನ ಮಗ. ಇಲ್ಲಿ ಬೆರ್ತೋ ಎಂದು ಕರೆಯುತ್ತಾರೆ. ನಾನು ತಿಕ್‌ಲಾಂಗ್ ಎಂದು ಹೆಸರಿಟ್ಟು ಕುಲದ ಪುಸ್ತಕಕ್ಕೆ ಬರೆಸಿದ್ದೇನೆ. ಅವನನ್ನು ಚೂ ಅಣ್ಣನ ಜೊತೆ ಊರಿಗೆ ಕಳಿಸುತ್ತಿದ್ದೇನೆ. ಇನ್ನು ಅವನು ನಿನ್ನ ಮಗ. ನಿನ್ನನ್ನೇ ಅಮ್ಮ ಎನ್ನುತ್ತಾನೆ, ನಮ್ಮ ಅಕ್ಷರ ಕಲಿಯುತ್ತಾನೆ, ಊದುಬತ್ತಿ ಹಚ್ಚುತ್ತಾನೆ. ದತ್ತಿನ ಗೊಡವೆಯೇ ಬೇಡ. ಅಮ್ಮ ಹಿಗ್ಗಿಹೋಗಿದ್ದಾಳೆ. ಇಲ್ಲಿಯ ಎಷ್ಟೋ ಜನ ಗಂಡಸರು ಹೀಗೇ ಮಾಡಿದ್ದಾರೆ, ಊರಿನ ಹೆಂಡತಿಯರು ಸಂತೋಷದಿಂದ ಸಾಕಿದ್ದಾರೆ. ಸೆಪಾಳೂ ಮನಸಾರೆ ಒಪ್ಪಿದ್ದಾಳೆ. ಮಗ ದೊಡ್ಡ ಮನುಷ್ಯನಾಗುತ್ತಾನೆಂದು ಅವಳಿಗೂ ಖುಷಿ.

ಹೆರುವ ಕಷ್ಟವಿಲ್ಲದೆ ಗಂಡುಮಗ ಮಡಿಲಿಗೆ ಬರುತ್ತಿದ್ದಾನೆ. ಇದಕ್ಕಿಂತ ಹೆಚ್ಚು ಏನು ಬೇಕು ನಿನಗೆ?

ಹಾಕ್‌ಬೆಂಗ್

•

ಸೈಬೋ
ಎಂಟನೆಯ ತಿಂಗಳ ಇಪ್ಪತ್ತು

ಬೀಲೀಯ ಅಪ್ಪನವರಿಗೆ,

ಮಗು ಬಂದು ಮುಟ್ಟಿತು. ಚಂದ್ರನ ಹಬ್ಬಕ್ಕೆ ಎರಡು ದಿನ ಮುಂಚೆ. ಕೆಮ್ಮು ಇತ್ತು, ಈಗ ಇಲ್ಲ.

ಅವನು ಬರುವ ಮುಂಚೆ ಏನೇನು ಬೈಯಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ. ಆದರೆ ಅಂಗಳದಲ್ಲಿ ಟೋಪಿ ಕೈಲಿ ಹಿಡಿದುಕೊಂಡು ನಿಂತವನನ್ನು ನೋಡಿ ನನಗೆ ಆಸೆಯಾಯಿತು. ಹೌದು, ಆಸೆಯೇ. ಊರವರೆಲ್ಲ ಬಂದು "ಗಂಡುಮಗನ ತಾಯಿ" ಎಂದು ಕರೆದರು. ಏಳು ವರ್ಷದಿಂದ ಹೊಸಿಲ ಆಚೆಯಿಂದಲೇ ಮಾತಾಡಿಸಿ ಹೋಗುತ್ತಿದ್ದ ದೊಡ್ಡಮ್ಮ ಒಳಗೆ ಬಂದು ಚಹಾ ಕುಡಿದರು. ಅತ್ತೆಯವರು ತಮ್ಮ ತಟ್ಟೆಯ ಮೀನಿನ ಕೆನ್ನೆ ತೆಗೆದು ಮೊದಲ ಸಲ ನನ್ನ ಬಟ್ಟಲಿಗೆ ಹಾಕಿದರು. ಎರಡು ದಿನ ನಾನು ತಲೆ ಎತ್ತಿಕೊಂಡು ಬಾವಿಗೆ ಹೋದೆ.

ಮೂರನೆಯ ದಿನ ಬೀಲೀ ಅವನ ಕೈ ಹಿಡಿದು ಫೋಟೋದ ಮುಂದೆ ನಿಲ್ಲಿಸಿದಳು, ಅಪ್ಪನನ್ನು ಊಟಕ್ಕೆ ಕರೆಯುವುದು ಹೇಗೆಂದು ಕಲಿಸಲು. ಅವನು ಕರೆಯಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿ ಗಾಜಿನ ಮೇಲೆ ಬೆರಳಿಟ್ಟ.

"ನಾನಾಯ್ ಕೈ ಇದು" ಎಂದ. ಅವನು ತಾಯಿಯನ್ನು ಹಾಗೆ ಕರೆಯುವುದು. ನಮ್ಮ ಮಾತು ಅರ್ಧಂಬರ್ಧ ಬರುತ್ತದೆ. "ನಾನಾಯ್ ಇಲ್ಲಿ ನಿಂತಿದ್ಲು. ನಾನು ಇಲ್ಲಿದ್ದೆ, ಅಪ್ಪನ ಈ ಕಡೆ. ಹೊಸಾ ಬೂಟು ಹಾಕ್ಕೊಂಡಿದ್ದೆ. ನಮ್ಮನ್ನ ಯಾರು ಕಿತ್ರು?"

ಬೀಲೀ ನನ್ನ ಮುಖ ನೋಡಿದಳು. ನಾನು ಅವನನ್ನು ಸ್ಟೂಲಿನಿಂದ ಇಳಿಸಿದೆ.

ಆಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಆ ಫೋಟೋ ಅವರ ಮನೆಯ ಗೋಡೆಯ ಮೇಲಿತ್ತಂತೆ. ಅವನ ಹೆಸರಿನ ಸಂತರ ಹಬ್ಬಕ್ಕೆಂದು ಮೂವರೂ ಹೊಸ ಬಟ್ಟೆ ಹಾಕಿಕೊಂಡು ತೆಗೆಸಿದ್ದಂತೆ. ಅವರ ಮನೆಯಲ್ಲಿ ಇದ್ದದ್ದು ಅದೊಂದೇ ಫೋಟೋ. ಅಪ್ಪ ದೊಡ್ಡದು ಮಾಡಿಸಿಕೊಂಡು ಬರುತ್ತೇನೆಂದು ತೆಗೆದುಕೊಂಡು ಹೋದನಂತೆ. "ಇನ್ನೂ ತಂದಿಲ್ಲ. ಮೊಳೆ ಮಾತ್ರ ಇದೆ" ಎಂದ. ಊರಿಗೆ ಯಾವಾಗ ಹೋಗುತ್ತೀ ಎಂದೆ. "ಅಜ್ಜಿ ಹಬ್ಬ ಮುಗಿದ್ಮೇಲೆ. ಮುಂದಿನ ಹಡಗು. ನಾನಾಯ್ ಬಂದರಿನಲ್ಲಿ ಕಾಯ್ತಾಳೆ" ಎಂದ.

ಚೂ ಅಣ್ಣನನ್ನು ಹಿಡಿದು ಕೇಳಿದೆ. ಅವರು ಬಾಯಿ ಬಿಟ್ಟರು. "ಹಾಕ್‌ಬೆಂಗ್ ನನಗೆ ಹೇಳಿದ್ದು, ಅಜ್ಜಿ ಅರವತ್ತಕ್ಕೆ ಹೋಗಿ ಬರ್ತಾನೆ ಅಂತ. ಆ ಹೆಂಗಸು ಹಡಗಿನ ಏಣಿ ಬುಡದವರೆಗೂ ಬಂದು ನನ್ನ ತೋಳು ಹಿಡ್ಕೊಂಡು, ವಾಪಸ್ ಕರ್ಕೊಂಡು ಬರ್ತೀರಲ್ವಾ ಅಂತ ಕೇಳಿದ್ಲಮ್ಮ. ಹೂಂ ಅಂದೆ. ನನ್ನ ಮಾತು ನಂಬಿ ಊರೂರಿನವರು ಗಂಟು ಕೊಟ್ಟು ಕಳಿಸ್ತಾರೆ. ನನ್ನ ಬಾಯಿಂದ ಸುಳ್ಳು ಹೇಳಿಸಿಬಿಟ್ಟ" ಎಂದು ನೆಲಕ್ಕೆ ಉಗುಳಿದರು.

ಅತ್ತೆಯ ಅರವತ್ತು ಆದದ್ದು ಎರಡನೆಯ ತಿಂಗಳಲ್ಲಿ.

ಅವಳು ಮನಸಾರೆ ಒಪ್ಪಿದ್ದಾಳೆ ಎಂದು ಬರೆದಿದ್ದೀರಿ. ಇದೊಂದನ್ನು ಮತ್ತೊಮ್ಮೆ ಬರೆಯಿರಿ ನೋಡೋಣ.

ಗೇಕ್‌ಲಾನ್

•

ಮನಿಲಾ
ಹತ್ತನೆಯ ತಿಂಗಳ ಎಂಟು

ಗೇಕ್‌ಲಾನ್,

ಹೆಂಗಸರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಯಾವ ಕೆಲಸವೂ ಆಗುವುದಿಲ್ಲ. ಅವಳು ಈಗ ಅಳುತ್ತಾಳೆ, ಆಮೇಲೆ ಅರ್ಥವಾಗುತ್ತದೆ. ಚುಟ್ಟಾ ಸುತ್ತುವವಳು ನನ್ನ ಮಗನಿಗೆ ಏನು ಕೊಟ್ಟಾಳು? ಮಕ್ಕಳು ಬೇಗ ಮರೆಯುತ್ತಾರೆ. ನೀನು ಅವಳ ಹೆಸರು ಎತ್ತಬೇಡ, ಅವನೇ ಎತ್ತಿದರೆ ಬೇರೆ ಮಾತು ತೆಗೆ. ಆ ಫೋಟೋವನ್ನು ಮೊದಲು ಕ್ವೀ ಮಾಸ್ತರನ ಹತ್ತಿರ ಕಳಿಸಿ ಹೆಗಲು ಮುಚ್ಚಿಸು. ಹುಡುಗನನ್ನು ಒಳ್ಳೆಯ ನಿಲುವಂಗಿಯಲ್ಲಿ ನಿಲ್ಲಿಸಿ ಒಂದು ತೆಗೆಸಿ ನನ್ನ ಪಕ್ಕಕ್ಕೆ ಅಂಟಿಸಲು ಹೇಳು. ಆಗ ಮನೆಯ ಚಿತ್ರ ಪೂರ್ತಿಯಾಗುತ್ತದೆ.

ನಿನಗೆ ಸಾಕಲು ಇಷ್ಟವಿಲ್ಲದಿದ್ದರೆ ಹೇಳು. ದೊಡ್ಡಮ್ಮ ಕಾದಿದ್ದಾಳೆ. ಆಗ ಗಂಡುಮಗನ ತಾಯಿ ಅವಳಾಗುತ್ತಾಳೆ, ನೀನು ಹೆಣ್ಣು ಹೆತ್ತವಳಾಗಿಯೇ ಈ ಮನೆಯ ಮೂಲೆಯಲ್ಲಿ ಇರುತ್ತೀ. ಯೋಚನೆ ಮಾಡು.

ಹಾಕ್‌ಬೆಂಗ್

•

ಸೈಬೋ
ಹನ್ನೊಂದನೆಯ ತಿಂಗಳ ಇಪ್ಪತ್ತು

ಹಾಕ್‌ಬೆಂಗ್ ಅವರಿಗೆ,

ಯೋಚನೆ ಮಾಡಿದೆ. ಬಹಳ ಮಾಡಬೇಕಾಗಲಿಲ್ಲ.

ಬೇಕಿಲ್ಲದಾಗ ಮಗನನ್ನು ಕತ್ತರಿಯಲ್ಲಿ ಕತ್ತರಿಸಿದಿರಿ, ಬೇಕಾದಾಗ ತಂದು ಅಂಟಿಸಿ ಎನ್ನುತ್ತೀರಿ. ಅವಳ ಗೋಡೆಯ ಮೇಲಿದ್ದ ಒಂದೇ ಫೋಟೋವನ್ನು ಸುಳ್ಳು ಹೇಳಿ ಇಳಿಸಿದಿರಿ. ಅದೇ ಸುಳ್ಳಿನ ಬಾಯಲ್ಲೇ ಅವಳ ಮಡಿಲಿನಿಂದ ಮಗುವನ್ನೂ ಇಳಿಸಿದಿರಿ. ಅವಳ ಕೈ ನಿಮ್ಮ ಹೆಗಲ ಮೇಲಿದ್ದದ್ದಕ್ಕೆ ನಾನು ಆರು ತಿಂಗಳು ಹೊಟ್ಟೆ ಉರಿದುಕೊಂಡೆ. ಈಗ ಆ ಉರಿಯೆಲ್ಲ ನಿಮಗೇ ಮೀಸಲು. ನಮ್ಮಿಬ್ಬರಲ್ಲಿ ಯಾರಿಗೂ ನೀವು ಒಂದು ಪೂರ್ತಿ ಫೋಟೋ ಕೊಡಲಿಲ್ಲ.

ಮಕ್ಕಳು ಬೇಗ ಮರೆಯುತ್ತಾರೆ ಎಂದಿರಿ. ಈ ಮಗು ಸಂಜೆಯಾದರೆ ಊರ ಬಾಗಿಲ ಕಲ್ಲಿನ ಮೇಲೆ ಹೋಗಿ ಕೂರುತ್ತಿತ್ತು, ಇಲ್ಲಿಂದ ಬಂದರಿಗೆ ಒಂದು ದಿನದ ದಾರಿ ಎಂದು ಎಷ್ಟು ಹೇಳಿದರೂ ಕೇಳದೆ. ಒಂದು ದಿನ ನನ್ನನ್ನು ಅಮ್ಮ ಎಂದು ಕರೆದ. ಕರೆದು ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತ, ತಾಯಿಗೆ ಏನೋ ದ್ರೋಹ ಮಾಡಿದವನ ಹಾಗೆ. ಐದು ವರ್ಷದ ಮಗುವಿಗಿರುವ ನಾಚಿಕೆ ಮೂವತ್ತನಾಲ್ಕು ವರ್ಷದ ನಿಮಗಿಲ್ಲವಲ್ಲ ಎಂದು ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ತಿಂಗಳ ಚಳಿಗಾಲದ ಹಬ್ಬದ ದಿನ ಅಕ್ಕಿ ಉಂಡೆ ತಿಂದ ಮೇಲೆ ಅತ್ತೆಯವರ ಮುಂದೆ ಕೂತು ಹೇಳಿದೆ, ಮಗುವನ್ನು ವಾಪಸು ಕಳಿಸುತ್ತೇನೆ ಎಂದು. ಬಟ್ಟಲು ಎತ್ತಿ ನೆಲಕ್ಕೆ ಕುಕ್ಕಿದರು. "ಮನೆಗೆ ಬಂದ ದೀಪಾನ ಬಾಯಲ್ಲಿ ಊದಿ ಆರಿಸ್ತಿದೀಯಲ್ಲೇ! ನಾಳೆ ದೊಡ್ಡಪ್ಪನ ಹುಡುಗನ್ನ ತಂದು ಕೂರಿಸ್ತೀನಿ. ಅವನು ದೊಡ್ಡೋನಾಗಿ ನಿನ್ನನ್ನ ಅಡುಗೆಮನೆಯಿಂದ ಆಚೆ ಹಾಕ್ದಾಗ ನನ್ನನ್ನ ನೆನೆಸ್ಕೋ" ಎಂದರು.

"ನಿಮ್ಮ ಮಗನನ್ನ ಐದು ವರ್ಷಕ್ಕೆ ಯಾರಾದ್ರೂ ಹೀಗೆ ಎತ್ಕೊಂಡು ಹೋಗಿದ್ರೆ ಏನ್ಮಾಡ್ತಿದ್ರಿ ಅತ್ತೆ?" ಎಂದೆ.

"ಹದಿನಾಲ್ಕಕ್ಕೆ ಹಡಗು ಹತ್ತಿಸಿದೆನಲ್ಲ, ಸಾಲದಾ" ಎಂದವರು ಎದ್ದು ಒಳಗೆ ಹೋದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಹೊರಡುವ ಬೆಳಿಗ್ಗೆ ಮಾತ್ರ ಮಗುವಿನ ಗಂಟು ಬಿಚ್ಚಿ ಅದರಲ್ಲಿ ತಮ್ಮ ಹತ್ತಿಯ ನಿಲುವಂಗಿ ಮಡಿಸಿ ಇಟ್ಟರು, ಹಡಗಿನ ಮೇಲೆ ಚಳಿಯಾಗುತ್ತದೆಂದು. ನನ್ನ ಕಡೆ ನೋಡಲಿಲ್ಲ.

ಗಂಡುಮಗನ ತಾಯಿ ಎನ್ನಿಸಿಕೊಳ್ಳುವ ಆಸೆ ನನಗಿಲ್ಲ ಎಂದು ತಿಳಿಯಬೇಡಿ. ಇದೆ. ಸತ್ತ ಮೇಲೆ ಯಾರೂ ಊದುಬತ್ತಿ ಹಚ್ಚದ ಹೆಂಗಸಾಗುವ ಭಯವೂ ಇದೆ. ಹಾಗಿದ್ದೂ ಕಳಿಸಿದ್ದೇನೆ. ಬೇರೆಯವಳ ಕರುಳು ಕಿತ್ತು ನನ್ನ ಮಡಿಲು ತುಂಬಿಸಿಕೊಂಡರೆ ಆ ಊದುಬತ್ತಿಯ ಹೊಗೆ ನನ್ನ ಕಣ್ಣಿಗೇ ಬಂದು ಸೇರುತ್ತದೆ.

ಬಂದರಿನವರೆಗೆ ನಾನೇ ಹೋದೆ. ಚೂ ಅಣ್ಣ ಮಗುವನ್ನು ಅವಳ ಮನೆಗೇ ಮುಟ್ಟಿಸುತ್ತಾರೆ. ನಿಮ್ಮ ಅಂಗಡಿಯ ಬೀದಿಗೆ ಹಾಯುವುದಿಲ್ಲ. ತಾವು ಕೊಟ್ಟ ಮಾತು ತಾವೇ ಉಳಿಸಿಕೊಳ್ಳುವುದಾಗಿ ಹೇಳಿದ್ದಾರೆ. ಹಡಗು ಹತ್ತುವ ಮುಂಚೆ ಮಗುವಿನ ಕೈಗೆ ಒಂದು ಲಕೋಟೆ ಕೊಟ್ಟೆ. ಹಜಾರದ ಫೋಟೋದಿಂದ ನಿಮ್ಮನ್ನು ಬಿಡಿಸಿ ಅದರಲ್ಲಿ ಇಟ್ಟಿದ್ದೇನೆ. ಬಿಸಿನೀರಿನ ಹಬೆ ಹಿಡಿದರೆ ಅಂಟು ಬಿಡುತ್ತದೆ, ಹರಿಯಲಿಲ್ಲ. ನೀವೂ ಇದ್ದೀರಿ, ಹೆಗಲ ಮೇಲಿನ ಬೆರಳುಗಳೂ ಇವೆ. ಅದು ಅವಳ ಫೋಟೋದ ತುಂಡು, ಅವಳಿಗೇ ಸೇರಬೇಕು. ಉಳಿದ ತುಂಡುಗಳನ್ನು ನೀವು ಒಲೆಗೆ ಹಾಕಿಲ್ಲದಿದ್ದರೆ ತೆಗೆದುಕೊಂಡು ಹೋಗಿ ಕೊಡಿ. ನಮ್ಮ ಹಜಾರದ ಫೋಟೋದಲ್ಲಿ ಈಗ ಮೂವರು ಹೆಂಗಸರು ಮತ್ತು ಒಂದು ಖಾಲಿ ಕುರ್ಚಿ ಇದೆ. ತೆಗೆದ ದಿನ ಇದ್ದದ್ದೂ ಅಷ್ಟೇ.

ಬೀಲೀ ಎರಡು ದಿನ ಅತ್ತಳು, ತಮ್ಮ ಹೋದನೆಂದು. ಅವಳಿಗೆ ಅಕ್ಷರ ಕಲಿಸಲು ಶುರು ಮಾಡಿದ್ದೇನೆ. ದೊಡ್ಡಪ್ಪನ ಹುಡುಗ ಬರುವ ತಿಂಗಳು ಬರುತ್ತಾನೆ. ಬರಲಿ, ಅವನ ತಾಯಿ ಒಂದು ಓಣಿ ಆಚೆ ಇದ್ದಾಳೆ, ಬೇಕೆಂದಾಗ ಓಡಿಹೋಗಿ ನೋಡಿ ಬರಬಹುದು.

ಈ ಕಾಗದ ನೀವು ಓದುವ ಹೊತ್ತಿಗೆ ಮಗು ತಾಯಿಯ ಹತ್ತಿರ ಇರುತ್ತದೆ. ಅಲ್ಲಿಗೆ ಹೋದರೆ ಬಾಗಿಲ ಹೊರಗೆ ನಿಂತು, ಒಳಗೆ ಬರಬಹುದೇ ಎಂದು ಅವಳನ್ನು ಕೇಳಿ. ಇಲ್ಲಿಗೆ ಬಂದರೂ ಅಷ್ಟೇ.

ಗೇಕ್‌ಲಾನ್